ಬೊರುಗಿನ ವ್ಯಾನಿಗೆ ಹಿಂದೊಂದು ಕಣ್ಣು

ನಮ್ಮ ಬೀದಿಯಲ್ಲಿ ಯಾರದಾದರೂ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳಿದರೆ ನನಗೆ ಒಳಗೆ ಕೂರಲು ಆಗುವುದಿಲ್ಲ. ಒಲೆಯ ಮೇಲೆ ಹಾಲಿದ್ದರೂ ಸರಿ, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೂ ಸರಿ, ಹೊರಗೆ ಬಂದು ಆ ಗಾಡಿಯ ಮಗ್ಗುಲಲ್ಲಿ ನಿಂತು ಅದರ ಮೈಗೆ ಅಂಗೈಯಿಂದ ಪಟಪಟ ಎರಡು ಏಟು ಹಾಕುತ್ತೇನೆ. "ಬರ್ಲಿ, ಬರ್ಲಿ" ಎಂಬ ಮಾತೂ ಜೊತೆಗೆ ಬರುತ್ತದೆ. ಗಾಡಿಯಲ್ಲಿ ಕೂತವರಿಗೆ ನಾನು ಯಾರೋ ಏನೋ. ಮೊನ್ನೆ ಹೊಸ ಕಾರು ತಂದ ಎದುರುಮನೆಯ ಮೇಷ್ಟ್ರು ಗಾಜು ಇಳಿಸಿ, "ಅಮ್ಮಾ, ಬಣ್ಣ ಹೋಗ್ತದೆ, ಹೊಡೀಬೇಡಿ" ಎಂದರು. ಸಿಗ್ಗಾಗಬೇಕಿತ್ತು, ಆಗಲಿಲ್ಲ. ಅವರ ಕಾರು ಚರಂಡಿಗೆ ಇಳಿಯದೆ ಉಳಿದದ್ದು ನನ್ನಿಂದಲೇ ಎಂಬ ಸಣ್ಣ ಜಂಬದಲ್ಲಿ ಒಳಗೆ ಬಂದೆ. ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು.

ನಗಬೇಡಿ. ಒಂದು ಕಾಲಕ್ಕೆ ಅದೇ ನನ್ನ ಹುದ್ದೆಯಾಗಿತ್ತು. ನಮ್ಮದು ಬೊರುಗಿನ ವ್ಯಾಪಾರ. ಬೊರುಗು ಅಂದರೆ ಮಂಡಕ್ಕಿ. ನಿಮ್ಮ ಕಡೆ ಪುರಿ ಅನ್ನುತ್ತಾರೋ ಏನೋ. ಹಿಂದೂಪುರದ ಭಟ್ಟಿಯಲ್ಲಿ ಮೂಟೆ ತುಂಬಿಕೊಂಡು ಹೋಗಿ ಕಲ್ಯಾಣದುರ್ಗದ ಅಂಗಡಿಗಳಿಗೆ ಹಾಕಿ ಬರುವುದು. ಯಜಮಾನರು ಗಾಡಿ ಓಡಿಸುವುದು, ನಾನು ಪಕ್ಕದಲ್ಲಿ ಕೂರುವುದು. ಈ ಬೊರುಗಿನ ಮೂಟೆ ಇದೆಯಲ್ಲ, ನೋಡಲು ಆನೆಯ ಮರಿ, ಎತ್ತಿದರೆ ಬೆಕ್ಕಿನ ಮರಿ. ನಮ್ಮ ಹಳೆಯ ಬಿಳಿ ವ್ಯಾನಿನಲ್ಲಿ ಸೂರಿನವರೆಗೆ ಪೇರಿಸಿದರೂ ಗಾಡಿಗೆ ಭಾರ ಗೊತ್ತಾಗುತ್ತಿರಲಿಲ್ಲ. ಆದರೆ ಹಿಂದಿನ ಗಾಜು ಪೂರಾ ಮುಚ್ಚಿಹೋಗುತ್ತಿತ್ತು. ಒಳಗಿನ ಕನ್ನಡಿಯಲ್ಲಿ ನೋಡಿದರೆ ಮೂಟೆಯ ಬಾಯಿ ಹೊಲಿದ ದಾರ ಮಾತ್ರ. ಹಾಗಾಗಿ ಗಾಡಿ ಹಿಂದಕ್ಕೆ ಬರಬೇಕಾದಾಗಲೆಲ್ಲ ನಾನು ಇಳಿದು ಹಿಂದೆ ಹೋಗಿ ನಿಲ್ಲಬೇಕು. ಎರಡು ಏಟು ಅಂದರೆ ಬರಬಹುದು. ಒಂದೇ ಜೋರು ಏಟು ಅಂದರೆ ನಿಲ್ಲು. ನಡುವೆ ಬಾಯಿಯೂ ಓಡುತ್ತಿರುತ್ತಿತ್ತು. ಹಿಂದೂಪುರದಲ್ಲಿ "ಬರ್ಲಿ ಬರ್ಲಿ" ಅನ್ನುತ್ತಿದ್ದವಳು ಕಲ್ಯಾಣದುರ್ಗ ತಲುಪುವಷ್ಟರಲ್ಲಿ ತೆಲುಗಿಗೆ ತಿರುಗಿ "ರಾನೀ ರಾನೀ" ಅನ್ನುತ್ತಿದ್ದೆನಂತೆ. ನನಗೆ ಗೊತ್ತೇ ಇರಲಿಲ್ಲ. ಯಜಮಾನರು ಹೇಳಿ ನಗುತ್ತಿದ್ದರು. "ಊರು ಬಂತಾ ಅಂತ ನೋಡೋದೇ ಬ್ಯಾಡ, ನಿನ್ನ ಬಾಯಿ ಕೇಳಿದ್ರೆ ಗೊತ್ತಾಯ್ತದೆ" ಅನ್ನುತ್ತಿದ್ದರು.

ಹಿಂದಕ್ಕೆ ಹೋಗುವುದು ಅನ್ನುವುದೇ ಒಂದು ಪಾಡು. ಸೋಮಂದೇಪಲ್ಲಿಯ ನನ್ನ ತವರಿನಲ್ಲಿ ಎತ್ತಿನಗಾಡಿ ಇತ್ತು. ಮುಂದಕ್ಕೆ ಎಷ್ಟು ದೂರ ಬೇಕಾದರೂ ಹೋಗುತ್ತಿದ್ದ ಎತ್ತುಗಳು ಹಿಂದಕ್ಕೆ ನಾಲ್ಕು ಹೆಜ್ಜೆ ಇಡು ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದವು. ಅಪ್ಪ ಗಾಡಿಯಿಂದ ಇಳಿದು ನೊಗಕ್ಕೆ ಎದೆ ಕೊಟ್ಟು, ಎತ್ತಿನ ಮೂಗಿಗೆ ತಮ್ಮ ಮೂಗು ತಾಗುವಷ್ಟು ಹತ್ತಿರ ನಿಂತು, "ಹಿಂದ್ಕೆ ಕಣಪ್ಪ, ಹಿಂದ್ಕೆ, ನಮ್ಮಪ್ಪ ಅಲ್ವಾ" ಎಂದು ಬೇಡಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರನ್ನೂ ಅಷ್ಟು ಮರ್ಯಾದೆಯಿಂದ ಅವರು ಮಾತಾಡಿಸಿದ್ದು ನಾನು ಕಂಡಿಲ್ಲ. ನಾನು ಹುಣಸೆಹಣ್ಣಿಗೆ ಉಪ್ಪು ಬೆಲ್ಲ ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿ ಚೀಪುತ್ತ ಗಾಡಿಯ ಹಿಂದೆ ಕಾವಲು ನಿಲ್ಲುತ್ತಿದ್ದೆ. ಚಕ್ರ ಗೋಡೆಯ ಕಲ್ಲಿಗೆ ಬಂದರೆ ಕೂಗಬೇಕು. ಕೂಗಲು ಬಾಯಿಂದ ಚಿಗಳಿ ತೆಗೆಯಬೇಕಲ್ಲ, ಅದಕ್ಕೇ ಕೂಗುವ ಬದಲು ಗಾಡಿಯ ಹಲಗೆಗೆ ಬಡಿಯುವುದನ್ನು ಕಲಿತೆ. ಹೀಗೆ ನೋಡಿದರೆ ನನ್ನ ಹುದ್ದೆಗೆ ಮೂಲ ಒಂದು ಕಡ್ಡಿ ಚಿಗಳಿ.

ಇದನ್ನೆಲ್ಲ ಹೇಳುತ್ತ ಹೋದರೆ ಸುಖವಾಗಿದೆ. ಹೇಳಬೇಕಾದದ್ದು ಬೇರೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಮಾತ್ರೆ ನುಂಗುವುದೂ ಮರೆಯುವುದೂ ಎರಡೂ ನಡೆದಿತ್ತು. ಆ ವರ್ಷ ಅವರ ಊಟದ ತಟ್ಟೆಯ ಸುತ್ತ ಸಾರು ಚೆಲ್ಲುವುದು ಶುರುವಾಯಿತು. ಉಪ್ಪಿನಕಾಯಿ ಕೇಳುತ್ತಿದ್ದರು, ನಾನು ಬಡಿಸಿದ್ದು ಅವರ ತಟ್ಟೆಯಲ್ಲೇ ಇರುತ್ತಿತ್ತು. ಕಲ್ಯಾಣದುರ್ಗದ ಅಂಗಡಿಯ ಸೇಠು ಎದುರಿಗೆ ಬಂದು ನಿಂತರೂ ಅವನು ಬಾಯಿ ಬಿಡುವವರೆಗೆ ಇವರು ಮಾತಾಡಿಸುತ್ತಿರಲಿಲ್ಲ. ಮಾತಾಡಿಸುವಾಗ ಮುಖವನ್ನು ಸ್ವಲ್ಪ ಓರೆ ಮಾಡುತ್ತಿದ್ದರು. ಸೇಠು ಇದನ್ನು ಕೊಬ್ಬು ಅಂದುಕೊಂಡ. ನನಗೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

"ಕಣ್ಣು ತೋರ್ಸ್ಕೊಂಡು ಬರಾಣ" ಅಂದರೆ, "ಕಣ್ಣಿಗೇನಾಗೈತೆ? ಕತ್ತು ಹಿಡ್ಕಂಡೈತೆ ಅಷ್ಟೇ" ಅನ್ನುತ್ತಿದ್ದರು. ಸಾರು ಚೆಲ್ಲಿದ್ದಕ್ಕೆ ಕತ್ತು. ಸೇಠುವನ್ನು ನೋಡದ್ದಕ್ಕೆ ಕತ್ತು. ಬೀದಿಯಲ್ಲಿ ಮಲಗಿದ್ದ ಎಮ್ಮೆಯ ಹತ್ತಿರಕ್ಕೆ ಹೋಗಿ ಗಕ್ಕನೆ ಬ್ರೇಕು ಹಾಕಿದ್ದಕ್ಕೂ ಕತ್ತು. ನಾನು ಬಿಸಿನೀರಿನ ಬಟ್ಟೆಯಿಂದ ಆ ಕತ್ತಿಗೆ ಕಾವು ಕೊಟ್ಟೆ, ಎಣ್ಣೆ ತಿಕ್ಕಿದೆ. ತಿಕ್ಕುವಾಗ ನೋಡಿದರೆ ಅವರ ಕತ್ತು ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗುತ್ತಿತ್ತು. ಆಗ ನನ್ನ ಕೈಯೇ ನಿಂತುಹೋಗುತ್ತಿತ್ತು. ಅವರು ಮಾತ್ರ "ಅಲ್ಲೇ, ಅಲ್ಲೇ ನೋವು" ಅನ್ನುತ್ತಿದ್ದರು.

ನನ್ನ ಹೆದರಿಕೆ ಒಂದೇ. ಅವರ ಕಣ್ಣು ಹೋದರೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತರೆ ನಮ್ಮ ಒಲೆ ನಿಲ್ಲುತ್ತದೆ. ಕಣ್ಣು ಹೋಗುತ್ತಿದ್ದೂ ಗಾಡಿ ನಿಲ್ಲದಿದ್ದರೆ ಇನ್ನೂ ಕೆಟ್ಟದ್ದು, ಯಾರ ಮನೆಯ ಮಗುವೋ ಯಾರೋ. ಈ ಎರಡರ ನಡುವೆ ಸಿಕ್ಕಿಕೊಂಡು ನಾನು ಆ ದಿನಗಳಲ್ಲಿ ನಿದ್ದೆ ಮಾಡಿದ್ದು ಕಡಿಮೆ. ಅವರೊಡನೆ ಜಗಳವಾಡಿದೆ, ಕಣ್ಣೀರು ಹಾಕಿದೆ, ಒಂದು ಹೊತ್ತು ಉಣ್ಣದೆ ಕೂತೆ. ಅವರು ಬಂದು ತಟ್ಟೆ ಮುಂದಿಟ್ಟು "ಉಣ್ಣು ಕಣೆ, ಕತ್ತು ಸರಿಹೋಯ್ತದೆ" ಅಂದರು. ತಟ್ಟೆ ಇಡುವಾಗ ನೀರಿನ ಲೋಟ ಉರುಳಿಸಿದರು.

ಇಂಥದರಲ್ಲಿ ಒಂದು ದಿನ ನಾನು ಗಾಡಿಯಿಂದ ಇಳಿಯುವಾಗ ಕಾಲು ಜಾರಿ ಬಿದ್ದು ಮಂಡಿ ಊದಿಸಿಕೊಂಡೆ. ಅದೇ ಅವರಿಗೆ ಒಂದು ದಾರಿಯಾಯಿತು. ಬೆಂಗಳೂರಿನಿಂದ ಮದುವೆಗೆ ಬಂದಿದ್ದ ಯಾರದೋ ಕಾರಿನಲ್ಲಿ ಅವರು ಒಂದು ಸಾಮಾನು ನೋಡಿದ್ದರಂತೆ. ಹಿಂದೆ ಒಂದು ಕ್ಯಾಮೆರಾ, ಮುಂದೆ ಒಂದು ಸಣ್ಣ ಟೀವಿ. ರಿವರ್ಸ್ ಗೇರು ಹಾಕಿದರೆ ಸಾಕು, ಹಿಂದಿನದೆಲ್ಲ ಮುಂದೆ ಕಾಣುತ್ತದೆ.

"ಅದನ್ನ ಹಾಕ್ಸ್ಬುಟ್ರೆ ನೀನು ಇಳಿಯೋದೂ ಬ್ಯಾಡ, ನಾನು ಕತ್ತು ತಿರುಗ್ಸೋದೂ ಬ್ಯಾಡ" ಅಂದರು.

ನೋಡಲು ಕಷ್ಟಪಡುವ ಮನುಷ್ಯ ನೋಡುವ ಯಂತ್ರ ತರಲು ಹೊರಟಿದ್ದರು. ನನ್ನ ಮಂಡಿಯ ಮೇಲಿನ ಅಕ್ಕರೆಯಿಂದಲೇ ಹೊರಟಿದ್ದರು, ಅದೂ ಸುಳ್ಳಲ್ಲ. ಒಳಗೊಳಗೆ ನನಗೂ ಆಸೆ ಹುಟ್ಟಿತು. ನನ್ನ ಅನುಮಾನವೇ ತಪ್ಪಿರಬಹುದು, ಆ ಟೀವಿಯಲ್ಲಿ ಅವರಿಗೆ ಎಲ್ಲ ಚೆನ್ನಾಗಿ ಕಂಡರೆ ನಾನೇ ಹುಚ್ಚಿ ಎಂದು ತೀರ್ಮಾನವಾಗಿ ನೆಮ್ಮದಿಯಾಗಬಹುದು. ಹುಚ್ಚಿ ಅನ್ನಿಸಿಕೊಳ್ಳಲು ಅಷ್ಟು ಆಸೆಪಟ್ಟವಳು ಇನ್ನೊಬ್ಬಳಿರಲಾರಳು.

ಹಿಂದೂಪುರದಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆಗೆ ಖಾದರ್ ಎಂಬುವನದು ಗಾಡಿಗಳಿಗೆ ಸಿಂಗಾರ ಮಾಡುವ ಅಂಗಡಿ. ಸೀಟಿಗೆ ಹೊದಿಕೆ, ಗಾಜಿಗೆ ಕಪ್ಪು ಕಾಗದ, ನೇತುಹಾಕಲು ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು, ತಲೆ ಅಲ್ಲಾಡಿಸುವ ನಾಯಿಗೊಂಬೆ. ಗಾಡಿ ಓಡಲು ಬೇಕಾದದ್ದು ಮಾತ್ರ ಅಲ್ಲಿ ಇರಲಿಲ್ಲ. ಖಾದರ್ ಒಳ್ಳೆಯ ಮಾತುಗಾರ, ಮಾರುವುದರಲ್ಲಿ ಅವನಿಗೆ ದಣಿವಿಲ್ಲ. ಕ್ಯಾಮೆರಾ ಅಂದ ಕೂಡಲೇ ಅದನ್ನು ತೋರಿಸಲಿಲ್ಲ. ಮೊದಲು ರಿವರ್ಸ್ ಹಾರನ್ನುಗಳನ್ನು ಕೇಳಿಸಿದ. ಒಂದರಲ್ಲಿ ದೇವಸ್ಥಾನದ ಗಂಟೆ, ಒಂದರಲ್ಲಿ ನಾಯಿ ಬೊಗಳುವುದು, ಇನ್ನೊಂದರಲ್ಲಿ ಕೂಸು ಅಳುವುದು. ಆ ಅಳು ಕೇಳಿ ಪಕ್ಕದ ಅಂಗಡಿಯ ಹೆಂಗಸು ತನ್ನ ಮಗುವೇನೋ ಎಂದು ಓಡಿ ಬಂದಳು.

"ಇದ್ಯಾವ್ದೂ ಬ್ಯಾಡಪ್ಪ" ಅಂದೆ.

ಆಗ ಇನ್ನೊಂದು ಡಬ್ಬಿ ಬಿಚ್ಚಿದ. ದೊಡ್ಡ ಗುಂಡಿಗಳಂಥ ಕಪ್ಪು ಬಿಲ್ಲೆಗಳು. "ಇದು ಸೆನ್ಸಾರು ಅಕ್ಕಾ. ಬಂಪರಿಗೆ ಕೂರುಸ್ತೀನಿ. ಹಿಂದೆ ಗೋಡೆ ಹತ್ರ ಆದಂಗೆಲ್ಲ ಕುಯ್ ಕುಯ್ ಅನ್ನೋದು ಜಾಸ್ತಿ ಆಯ್ತದೆ. ನೋಡೋದೇ ಬ್ಯಾಡ, ಕೇಳ್ಕಂಡ್ರೆ ಸಾಕು."

ಕೇಳಿಕೊಂಡರೆ ಸಾಕು ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನ್ನ ಜೀವ ತಟ್ಟನೆ ಹಗುರವಾಯಿತು. ಯಜಮಾನರ ಕಿವಿ ಭಾರೀ ಚುರುಕು. ಅಡುಗೆಮನೆಯಲ್ಲಿ ನಾನು ಗೊಣಗಿದ್ದು ಅಂಗಳದಲ್ಲಿದ್ದವರಿಗೆ ಕೇಳುತ್ತಿತ್ತು.

"ಇದೇ ಇರ್ಲಿ. ಇದೇ ಹಾಕಪ್ಪ" ಅಂದೆ.

"ಯಾಕೆ?" ಅಂದರು ಯಜಮಾನರು. "ನನಗೇನು ಕಣ್ಣಿಲ್ವಾ?"

ಖಾದರ್ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮಿಬ್ಬರನ್ನೂ ನೋಡಿದ.

"ನಿಮ್ಗೆ ಕಣ್ಣಿಲ್ಲ ಅಂತ ಯಾರಂದ್ರು? ಸದ್ದು ಬತ್ತದಲ್ಲ, ಅನುಕೂಲ ಅಂದೆ."

"ಸದ್ದು ಮಾಡೋಕೆ ನೀನಿದ್ದೀಯಲ್ಲ, ಇನ್ನೊಂದ್ಯಾಕೆ. ಲೇ ಖಾದರ್, ಕ್ಯಾಮೆರಾ ತೋರ್ಸೋ."

ಖಾದರ್ ನಕ್ಕ. ಅವನಿಗೆ ಕ್ಯಾಮೆರಾ ಮಾರುವುದೇ ಲಾಭ, ಅವನನ್ನು ಅಂದು ಏನು ಫಲ. ಕಪ್ಪು ಬಿಳುಪಿನದೊಂದು, ಬಣ್ಣದ್ದೊಂದು ತಂದಿಟ್ಟ. ಕ್ಯಾಮೆರಾ ಅಂದರೆ ಬೆರಳ ತುದಿಯಷ್ಟು ಗಾಜು. ಟೀವಿ ನನ್ನ ಅಂಗೈಯಷ್ಟು. ಬಣ್ಣದ್ದೇ ಇರಲಿ ಅಂದರು ಯಜಮಾನರು. ನಾನು ಆ ಅಂಗೈ ಅಗಲದ ಟೀವಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇನ್ನೂ ದೊಡ್ಡದು ಇಲ್ವಾ?" ಅಂದೆ.

"ಅಕ್ಕಾ, ಈ ವ್ಯಾನಿಗೆ ಇನ್ನೂ ದೊಡ್ಡದು ಇಟ್ರೆ ಮುಂದ್ಗಡೆ ರೋಡೇ ಕಾಣಲ್ಲ. ಏಂ ಕಾದು, ಏನೂ ಆಗಲ್ಲ, ಇದ್ರಾಗೆ ಇರುವೆ ಬಂದ್ರೂ ಕಾಣ್ತದೆ."

"ಇರುವೆ ಬ್ಯಾಡ, ಮನುಷ್ಯರು ಕಂಡ್ರೆ ಸಾಕು" ಅಂದೆ. ನಾನು ತಮಾಷೆಗೆ ಅಂದೆ ಎಂದು ಅವನು ಮತ್ತೆ ನಕ್ಕ.

ನಂಬರ್ ಪ್ಲೇಟಿನ ಮೇಲೆ ತೂತು ಕೊರೆದು ಗಾಜಿನ ಕಣ್ಣು ಕೂರಿಸಿದ. ರಿವರ್ಸ್ ದೀಪದ ತಂತಿಗೆ ಅದರ ತಂತಿ ಸೇರಿಸಿ, ಅದನ್ನು ಒಳಗೆ ಎಳೆದು ತರಲು ಕೆಳಗಿನ ರಬ್ಬರ್ ಹಾಸು ಎತ್ತಿದ. ಎತ್ತಿದರೆ ನಮ್ಮ ಇಡೀ ವ್ಯಾಪಾರದ ಚರಿತ್ರೆ ಅಲ್ಲಿ ಬಿದ್ದಿತ್ತು. ಹೊಸ ಬೊರುಗು, ಹಳೆ ಬೊರುಗು, ಕಪ್ಪಾದ ಬೊರುಗು, ಇರುವೆ, ನಾನು ಕಳೆದುಹೋಯಿತು ಎಂದು ಅತ್ತಿದ್ದ ಒಂದು ಕಾಲುಂಗುರ. "ಅಕ್ಕಾ, ಇಲ್ಲೇ ಇನ್ನೊಂದು ಮೂಟೆ ಐತೆ" ಎಂದ ಖಾದರ್. ಕಾಲುಂಗುರ ಸಿಕ್ಕಿದ್ದು ಒಳ್ಳೆಯ ಶಕುನ ಎಂದುಕೊಂಡೆ. ಆಗೆಲ್ಲ ನಾನು ಸಿಕ್ಕಸಿಕ್ಕದ್ದರಲ್ಲಿ ಶಕುನ ಹುಡುಕುತ್ತಿದ್ದೆ.

ಕೆಲಸ ಮುಗಿದ ಮೇಲೆ ಯಜಮಾನರು ಗಾಡಿಯಲ್ಲಿ ಕೂತರು. ನಾನು ಕುಂಟುತ್ತ ಹಿಂದೆ ಹೋಗಿ ಆ ಗಾಜಿನೆದುರು ನಿಂತು ಎಡಗೈ ಎತ್ತಿದೆ. ಬೇಕಂತಲೇ ಎಡಗೈ. ಒಂದು ಗಳಿಗೆ ನಿಂತು ಮುಂದೆ ಬಂದೆ.

"ಕಾಣ್ತಾ?"

"ಕಾಣ್ದೆ ಏನು. ಸಿನಿಮಾದಾಗೆ ಬಂದಂಗೆ ಬಂದೆ."

"ಯಾವ ಕೈ ಎತ್ತಿದ್ದೆ?"

"ಯಾವ್ದು ಎತ್ತಿದ್ರೇನು. ಹೊಡಿಯೋ ಕೈನೇ ಎತ್ತಿರ್ತೀಯ."

ಖಾದರ್ ಬಿದ್ದು ಬಿದ್ದು ನಕ್ಕ. ನಾನೂ ನಕ್ಕುಬಿಟ್ಟೆ. ನಮ್ಮವರ ಮಾತು ಯಾವಾಗಲೂ ಹೀಗೆಯೇ, ನಗಿಸಿ ದಾಟಿಬಿಡುತ್ತಿದ್ದರು. ಮನೆಗೆ ಬಂದು ಪಾತ್ರೆ ತೊಳೆಯುವಾಗ ನನ್ನ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ ಎಂಬುದು ಹೊಳೆಯಿತು. ಮತ್ತೆ ಕೇಳಲು ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಮೂಟೆ ತುಂಬಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವರು ಒಂದು ಕೆಂಪು ಬಸ್ಸಿನ ಬೆನ್ನು ಬಿಡಲಿಲ್ಲ. ಬಸ್ಸು ನಿಂತರೆ ಇವರೂ ನಿಲ್ಲುವುದು, ಅದು ಹೊರಟರೆ ಇವರೂ ಹೊರಡುವುದು. ಜನ ಇಳಿಯುವುದು ಹತ್ತುವುದು ಎಲ್ಲ ಮುಗಿಯುವವರೆಗೆ ನಾವು ಹಿಂದೆ ಹೊಗೆ ಕುಡಿಯುತ್ತ ಕಾಯುವುದು. "ಮುಂದ್ಕೆ ಹೋಗಬಾರ್ದಾ?" ಅಂದರೆ, "ಬಸ್ಸಿನ ಹಿಂದೆ ಗಾಳಿ ತಡೀತದೆ, ಪೆಟ್ರೋಲು ಉಳೀತದೆ" ಅಂದರು. ಆ ಬಸ್ಸು ಬೇರೆ ದಾರಿಗೆ ತಿರುಗಿದಾಗ ಅವರ ಮುಖ ಬಿಳಿಚಿತು. ಇನ್ನೊಂದು ಬಸ್ಸು ಬರುವವರೆಗೆ ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿ, ಇಂಜಿನ್ ಬಿಸಿಯಾಗಿದೆ ಅಂದರು. ನಾನು ಇಂಜಿನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತ ಕೂತೆ. ದೇವರೇ, ಇವತ್ತೊಂದು ದಿನ, ಇವತ್ತೊಂದು ದಿನ ದಾಟಿಸಿಬಿಡು ಎಂದು ಬೇಡಿಕೊಂಡೆ. ನಿನ್ನೆಯೂ ಹಾಗೆಯೇ ಬೇಡಿಕೊಂಡಿದ್ದೆ. ನಾಳೆಗೂ ಅದೇ ಬೇಡಿಕೆ ಎಂದು ಗೊತ್ತಿತ್ತು.

ಕಲ್ಯಾಣದುರ್ಗದಲ್ಲಿ ಮೈದುನನ ಮನೆಯಲ್ಲಿ ನಮ್ಮ ಅತ್ತೆ ಇದ್ದರು. ಅಂಗಡಿಗಳು ಬಾಗಿಲು ತೆಗೆಯುವ ಮೊದಲು ಅವರ ಮನೆಗೆ ಹೋಗಿ ತಿಂಡಿ ತಿಂದು ಆಮೇಲೆ ಮೂಟೆ ಇಳಿಸಲು ಹೋಗುವುದು ನಮ್ಮ ವಾಡಿಕೆ. ಓಣಿ ಬಹಳ ಕಿರಿದು, ಕೊನೆಗೆ ಗೋಡೆ. ಒಳಗೆ ಹೋದ ಗಾಡಿ ತಿರುಗುವ ಹಾಗಿಲ್ಲ, ದೊಡ್ಡ ರಸ್ತೆಯವರೆಗೂ ಹಿಂದಕ್ಕೇ ಬರಬೇಕು. ಅಲ್ಲಿ ಬಡಿದೂ ಬಡಿದೂ ನನ್ನ ಅಂಗೈ ಕೆಂಪಾಗುತ್ತಿತ್ತು. ಈ ಸಲ ಯಜಮಾನರು ಓಣಿಗೆ ಗಾಡಿ ನುಗ್ಗಿಸುವಾಗಲೇ "ಇವತ್ತು ನೀನು ಮಹಾರಾಣಿ ಕಣೆ, ಕೂತೇ ಇರು" ಅಂದರು.

ಅತ್ತೆ ನಾವೇ ತಂದು ಹಾಕಿದ್ದ ಬೊರುಗು ನೆನೆಸಿ ಉಗ್ಗಾಣಿ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದಿದ್ದರು. ಯಜಮಾನರು ತಿನ್ನುತ್ತ ತಿನ್ನುತ್ತ ಅಮ್ಮನಿಗೆ ಕ್ಯಾಮೆರಾದ ವಿಷಯ ಹೇಳಿದರು. ಹಿಂದೆ ಕಣ್ಣು, ಮುಂದೆ ಟೀವಿ, ಗಾಡಿ ತಾನೇ ನೋಡಿಕೊಳ್ಳುತ್ತದೆ. ಹೇಳುವಾಗ ಅವರ ದನಿಯಲ್ಲಿ ಹಳೆಯ ಹುರುಪು ಇತ್ತು. ಬಹಳ ದಿನಗಳ ಮೇಲೆ ಕಂಡ ಆ ಹುರುಪಿಗೆ ನನಗೆ ಅಳು ಬಂದು, ಬಜ್ಜಿ ಖಾರ ಎಂದು ನೀರು ಕುಡಿದೆ.

"ಅಲ್ಲಪ್ಪ, ಹೊಸ ಸಾಮಾನು ಹಾಕ್ಸ್ಬುಟ್ಟು ಪೂಜೆ ಮಾಡ್ದೆ ಓಡ್ಸ್ಕಂಡು ಬಂದ್ಬುಟ್ರಾ?" ಅಂದರು ಅತ್ತೆ. "ಏನು ಬುದ್ಧಿನೋ ನಿಮ್ದು. ಕೂತ್ಕಳಿ, ಬತ್ತೀನಿ."

ನಮ್ಮ ಕಡೆ ಇದು ಬಿಡುವಂಥದಲ್ಲ. ಹೊಸ ಮೊರ ತಂದರೂ ಅರಿಶಿನ ಕುಂಕುಮ ಬಿದ್ದ ಮೇಲೆಯೇ ಅದರಲ್ಲಿ ಅಕ್ಕಿ ಕೇರುವುದು. ಅತ್ತೆ ಬಟ್ಟಲಲ್ಲಿ ಅರಿಶಿನ ಗಟ್ಟಿಯಾಗಿ ಕಲಸಿದರು. ಸ್ಟೀರಿಂಗಿಗೆ ಹಚ್ಚಿದರು, ಮುಂದಿನ ಗಾಜಿನ ಕೆಳಗೆ ಹಚ್ಚಿದರು, ಚಕ್ರಗಳಿಗೆ ಹಚ್ಚಿದರು. ಆಮೇಲೆ "ಎಲ್ಲೈತೆ ನಿನ್ನ ಕಣ್ಣು?" ಎಂದು ಮಗನನ್ನು ಕೇಳಿಕೊಂಡು ಬಟ್ಟಲು ಹಿಡಿದು ಗಾಡಿಯ ಹಿಂದಕ್ಕೆ ಹೋದರು. ನಾನು ತಟ್ಟೆ ತೊಳೆಯಲು ಒಳಗೆ ಹೋದೆ.

ಹೊರಡುವಾಗ ನಾನು ಗಾಡಿಯಲ್ಲಿ ಕೂತು ಬಾಗಿಲು ಎಳೆದುಕೊಂಡೆ. ಗಾಡಿ ಹಿಂದಕ್ಕೆ ಹೋಗುವಾಗ ಒಳಗೆ ಕೂತದ್ದು ನನಗೆ ಅದೇ ಮೊದಲು. ಕೈ ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿಟ್ಟುಕೊಂಡೆ. ಅತ್ತೆ ಎರಡು ನಿಂಬೆಹಣ್ಣು ಹಿಡಿದುಕೊಂಡು ನನ್ನ ಕಿಟಕಿಯ ಪಕ್ಕದಿಂದ ಹಿಂದಕ್ಕೆ ಹೋದರು. ಯಜಮಾನರು ಇಂಜಿನ್ ಚಾಲೂ ಮಾಡಿ ರಿವರ್ಸ್ ಗೇರಿಗೆ ಹಾಕಿದರು. ಟೀವಿ ಹತ್ತಿಕೊಂಡಿತು.

ಟೀವಿಯ ತುಂಬ ಹಳದಿ. ನಡುವೆ ಕೆಂಪಗೆ ಒಂದು ದೊಡ್ಡ ಬೊಟ್ಟು. ಓಣಿ ಇಲ್ಲ, ಗೋಡೆ ಇಲ್ಲ, ಆಕಾಶ ಇಲ್ಲ. ಅತ್ತೆ ಆ ಗಾಜಿಗೇ ಅರಿಶಿನ ಮೆತ್ತಿ, ಅದರ ಮೇಲೆ ಕುಂಕುಮ ಇಟ್ಟಿದ್ದರು.

ನನಗೆ ನಗು ಉಕ್ಕಿತು. ತಡೆದುಕೊಂಡೆ. ಅಮ್ಮನನ್ನು ಗೇಲಿ ಮಾಡುವುದರಲ್ಲಿ ಯಜಮಾನರು ಎತ್ತಿದ ಕೈ, ಮೊದಲು ಅವರೇ ನಗಲಿ, ಆಮೇಲೆ ನಾನು ಎಂದು ಕಾದೆ. ಅವರು ಮುಂದಕ್ಕೆ ಬಾಗಿ ಟೀವಿಯನ್ನು ನೋಡಿದರು. ಚೆನ್ನಾಗಿ ನೋಡಿದರು. ತಲೆಯಾಡಿಸಿದರು.

"ಓಣಿ ಖಾಲಿ ಐತೆ. ರೋಡಿನ ಗಂಟ ಕ್ಲಿಯರ್. ನೋಡ್ದಾ, ನೀನು ಇಳಿಯೋದೇ ಬ್ಯಾಡ" ಅಂದರು.

ಗಾಡಿ ಸಣ್ಣಗೆ ಅಲುಗಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಹಿಂದಿನ ಚಕ್ರದ ಬುಡದಲ್ಲಿ ಅತ್ತೆ ನಿಂಬೆಹಣ್ಣು ಇಡುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ಸೆರಗು ಚಕ್ರದ ಮೇಲಿತ್ತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಎರ‍ಡೂ ಕೈಯಲ್ಲಿ ಹ್ಯಾಂಡ್ ಬ್ರೇಕು ಹಿಡಿದು ಎಳೆದೆ. ಇಂಜಿನ್ ಕೊಸರಿ ಆರಿಹೋಯಿತು.

"ಯಾಕೆ ಎಳ್ದೆ?"

"ಅತ್ತೆ ಚಕ್ರದ ಹತ್ರ ಅವ್ರೆ."

"ಕ್ಯಾಮೆರಾದಾಗೆ ಕಾಣ್ಲಿಲ್ವಲ್ಲ. ಬಗ್ಗಿದ್ಲೇನೋ."

ಅತ್ತೆ ಎದ್ದು ಸೆರಗು ಕೊಡವಿಕೊಂಡು ನನ್ನ ಕಿಟಕಿಯ ಹತ್ತಿರ ಬಂದು, "ಆಯ್ತು ಕಣಮ್ಮ, ಈಗ ಹೊಲ್ಡಿ. ನಿಂಬೆಹಣ್ಣು ಇಟ್ಟಿವ್ನಿ, ಇನ್ನೇನೂ ಆಗಲ್ಲ" ಅಂದು ಬಾಗಿಲ ಮೆಟ್ಟಿಲ ಮೇಲೆ ಹೋಗಿ ನಿಂತರು.

ಯಜಮಾನರು ನನ್ನ ಕಡೆ ತಿರುಗಿದರು. ಸೇಠುವನ್ನು ನೋಡುತ್ತಿದ್ದ ಹಾಗೆಯೇ ಮುಖ ಓರೆ ಮಾಡಿ, ನನ್ನನ್ನು ಎಲ್ಲೋ ಅಂಚಿನಲ್ಲಿ ಹಿಡಿದು ನೋಡಿದರು. ನಾನು ಸುಮ್ಮನಿರುವುದು ಅಪರೂಪ. ಅದರಿಂದಲೇ ಅವರಿಗೆ ತಿಳಿದಿರಬೇಕು. ಬಹಳ ಮೆಲ್ಲಗೆ ಕೇಳಿದರು.

"ಏನ್ ಕಾಣ್ಬೇಕಾಗಿತ್ತು, ಹೇಳು."

"ಅರಿಶಿನ" ಅಂದೆ. "ಬರೀ ಅರಿಶಿನ. ನಡುವೆ ಕುಂಕುಮ. ಅತ್ತೆ ಗಾಜಿಗೇ ಬಳಿದವ್ರೆ."

ಅವರು ಟೀವಿಯತ್ತ ನೋಡಲಿಲ್ಲ. ಸ್ಟೀರಿಂಗಿನ ಮೇಲಿನ ಅರಿಶಿನವನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು.

"ಎರಡು ಕಣ್ಣಿಗೂ ನಡುಮಧ್ಯ ಮಸಿ ಮೆತ್ತಿದಂಗೈತೆ ಕಣೆ" ಅಂದರು. "ರೋಡು ದೊಡ್ಡದು, ಅಂಚಿನಾಗೆ ಸಿಗ್ತದೆ. ಬಸ್ಸೂ ಸಿಗ್ತದೆ. ಇದು ಸಣ್ಣದು. ಪೂರ್ತಿ ಮಸಿ ಒಳಗೇ ಹೋಯ್ತದೆ."

"ಯಾವಾಗಿಂದ?"

"ಕತ್ತು ಹಿಡ್ಕಂಡಾಗಿಂದ."

ನಾನು ಅಳಲಿಲ್ಲ. ಅಷ್ಟು ದಿನ ಅತ್ತದ್ದೆಲ್ಲ ಇದು ಸುಳ್ಳಾಗಲಿ ಎಂದು ಅತ್ತದ್ದು. ಈಗ ಅತ್ತು ಏನನ್ನು ಬೇಡಬೇಕು? ಹಿಂದೆ ಸೂರಿನವರೆಗೆ ಬೊರುಗು, ದೊಡ್ಡ ರಸ್ತೆಯ ಅಂಗಡಿಗಳು ಬಾಗಿಲು ತೆಗೆಯುವ ಸದ್ದು, ಮೆಟ್ಟಿಲ ಮೇಲೆ ಅತ್ತೆ ಇನ್ನೂ ಯಾಕೆ ಹೊರಟಿಲ್ಲ ಎಂದು ನೋಡುತ್ತಿದ್ದರು. ಖುಷಿಯಲ್ಲೇ ನೋಡುತ್ತಿದ್ದರು, ಕೈ ಬೀಸಲು ತಯಾರಾಗಿ.

ಯಜಮಾನರು ಕೀಲಿ ತೆಗೆದರು. ತಡಕಾಡದೆ, ಸರಿಯಾಗಿ ನನ್ನ ಮಡಿಲಲ್ಲಿಟ್ಟರು. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಅದು ಅವರಿಗೂ ಗೊತ್ತಿತ್ತು.